ಹುಳುಮನೆಯಲ್ಲಿ ಬರೆದ ಪದ್ಯಗಳು

ಹರಿತಾಳ ಅಪ್ಪನಿಗೆ,

ನೀವು ತೀರಿಕೊಂಡು ಆರು ವರ್ಷವಾದ ಮೇಲೆ, ಇವತ್ತು ಶಿಡ್ಲಘಟ್ಟದಲ್ಲಿ ನಿಮ್ಮ ಪದ್ಯಗಳ ಪುಸ್ತಕ ಬಿಡುಗಡೆಯಾಯಿತು. ನಮ್ಮ ದಿಬ್ಬೂರಹಳ್ಳಿಯ ಅರ್ಧ ಊರೇ ಬಸ್ಸು ಹತ್ತಿ ಬಂದಿತ್ತು.

ಕಾರ್ಗಿಲ್ ಯುದ್ಧ ಮುಗಿಸಿ ಬಂದ ಮೇಲೆ ನಿಮಗೆ ನಿದ್ದೆ ಬರುತ್ತಿದ್ದದ್ದು ಹುಳುಮನೆಯಲ್ಲಿ ಮಾತ್ರ. ರೇಷ್ಮೆಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಅಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲವಲ್ಲ. ಆ ನಿಶ್ಶಬ್ದದ ಬಗ್ಗೆ ನೀವು ಬರೆದ ಪದ್ಯವನ್ನೇ ನಮ್ಮ ಹರಿತಾ ಓದಿದಳು, ಒಂದು ಕಡೆಯೂ ತಡವರಿಸಲಿಲ್ಲ. ಮುಂದೆ ಕೂತಿದ್ದ ನಿಮ್ಮ ರೆಜಿಮೆಂಟಿನವರು ಎದ್ದು ನಿಂತರು. ಅವರನ್ನು ನೋಡಿ ಸಭೆಯೆಲ್ಲ ಎದ್ದಿತು. ನಾನೊಬ್ಬಳು ಮಾತ್ರ ಕೂತೇ ಇದ್ದೆ, ರಾಣಿಯ ಹಾಗೆ.

ಪುಸ್ತಕ ಅಚ್ಚು ಹಾಕಿಸಿದ ಮುನೇಶ್ ಮೇಷ್ಟ್ರು ಬಂದು ಕೇಳಿದರು: "ಅಕ್ಕಾ, ಇಷ್ಟು ವರ್ಷ ಇವನ್ನೆಲ್ಲ ಹೆಂಗೆ ಕಾಪಾಡಿದ್ರಿ?"

"ನನ್ನ ಸೀರೆ ಟ್ರಂಕಲ್ಲಿ ಇಟ್ಟಿದ್ದೆ ಕಣಪ್ಪಾ," ಅಂದೆ.

ಸುಳ್ಳಲ್ಲ. ಆದರೆ ನಿಮ್ಮ ಮೊದಲನೇ ನೋಟ್‌ಬುಕ್ಕನ್ನು ನಾನೇ ಹರಿದು ಮರಿಹುಳುಗಳ ತಟ್ಟೆಗೆ ಹಾಸಿದ್ದನ್ನು ಹೇಳಲಿಲ್ಲ. ಅವತ್ತು ನೀವು ಹಾಳೆಗಳನ್ನು ನೋಡಿದಿರಿ. ಅವುಗಳ ಮೇಲೇ ಹೆಚ್ಚಿದ ಸೊಪ್ಪು ಉದುರಿಸಿದಿರಿ.

ಪುಸ್ತಕದಲ್ಲಿ ನಲವತ್ತೊಂದು ಪದ್ಯಗಳಿವೆ. ತಟ್ಟೆಗೆ ಹೋದವೂ ಸೇರಿ ನೀವು ಬರೆದದ್ದು ಎಷ್ಟು ಅಂತ ಯಾರೂ ಕೇಳಲಿಲ್ಲ.