ಬೀದಿಗೆ ಬೆನ್ನು ಮಾಡಿದ ಬೆಂಚು

ಪುರಸಭೆಯ ಎಂಜಿನಿಯರ್ ಸಾಹೇಬರಿಗೆ, ಪೇಟೆಬೀದಿಯ ಕ್ಷೌರದಂಗಡಿಯವನ ನಮಸ್ಕಾರಗಳು.

ಸರ್ಕಾರದ ಅನುದಾನದಿಂದ ನಮ್ಮ ಹಳೇ ಬೀದಿಗೆ ಹೊಸ ಕಳೆ ಬಂದಿದೆ. ಹೊಸದಾಗಿ ಹಾಕಿದ ಒಂದೇ ಒಂದು ಕಲ್ಲುಬೆಂಚನ್ನು ಮಾತ್ರ ಬೀದಿಗೆ ಬೆನ್ನು ಮಾಡಿ, ನನ್ನ ಅಂಗಡಿಗೆ ಮುಖ ಮಾಡಿ ಕೂರಿಸಿದ್ದಾರೆಂದು ನಾನೇ ದೂರು ಕೊಟ್ಟಿದ್ದೆ. ಸೋಮವಾರ ತಿರುಗಿಸುತ್ತೇವೆಂದು ನೀವು ಬರೆದಿದ್ದೀರಿ. ದಯವಿಟ್ಟು ಅದನ್ನು ಮುಟ್ಟಲೇಬೇಡಿ.

ಎದುರಂಗಡಿಯ ಟೈಲರ್ ನನ್ನ ಒಡಹುಟ್ಟಿದ ಅಣ್ಣ. ಅಪ್ಪನ ಕ್ಷೌರದ ಕುರ್ಚಿ ನನ್ನ ಪಾಲಿಗೆ ಬಂದಾಗಿನಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಈಗ ಮಧ್ಯಾಹ್ನ ಕಾಲು ಚಾಚಬೇಕೆಂದರೆ ಅವನು ಆ ಬೆಂಚಿಗೇ ಬರಬೇಕು. ಬಂದರೆ ನನ್ನನ್ನೇ ನೋಡಬೇಕು. ಮುಖ ಗಂಟಿಕ್ಕಿಕೊಂಡೇ ನೋಡುತ್ತಿದ್ದ. ಮೊನ್ನೆ ನಾನು ಅಂಚೆಯವರ ಕೂದಲು ಕತ್ತರಿಸುವಾಗ ತಡೆಯಲಾರದೆ ಕೂಗಿಬಿಟ್ಟ: “ಲೋ, ಎಡಗಡೆ ಜಾಸ್ತಿ ಬಿಟ್ಟಿದ್ದೀಯಲ್ಲೋ! ಅಪ್ಪ ನೋಡಿದ್ರೆ ಏನಂತಿದ್ರು?”

“ಒಳಗೆ ಬಂದು ನೀನೇ ತೋರ್ಸಣ್ಣ,” ಅಂದೆ. ಬಂದ. ಪಾಪ, ಅಂಚೆಯವರ ತಲೆಯ ಮೇಲೆ ಈಗ ನಮ್ಮಿಬ್ಬರ ಕೈಚಳಕವೂ ಇದೆ.

ಇವತ್ತು ಅವನೇ ಅಪ್ಪನ ಕುರ್ಚಿಯಲ್ಲಿ ಕೂತಿದ್ದಾನೆ. ಕೆನ್ನೆಗೆ ಹಚ್ಚಿದ ನೊರೆ ಒಣಗುತ್ತಿದೆ, “ಬೇಗ ಬರೆದು ಮುಗಿಸೋ” ಎಂದು ಬೈಯುತ್ತಿದ್ದಾನೆ. ಅದಕ್ಕೇ ಇಷ್ಟಕ್ಕೆ ನಿಲ್ಲಿಸುತ್ತೇನೆ.

ಇಂತಿ,
ಟೈಲರನ ತಮ್ಮ