ಕೊಟ್ರಿಯ ಕೆನ್ನೆಗೂ ಸ್ಕ್ಯಾನಿಂಗು

ರೀ,

ರೊಟ್ಟಿ ತಟ್ಟುತ್ತಿದ್ದಾಗ ನಮ್ಮ ಕೊಟ್ರಿ ಎದ್ದು ಬಂದಳು. ಕೆನ್ನೆಯ ಬಾವು ಕಣ್ಣಿನ ತನಕ ಏರಿದೆ. ಅಳಲೂ ಇಲ್ಲ, ಅದೇ ನನಗೆ ಭಯ. ನೀವು ಹೊಲದಿಂದ ಬರುವವರೆಗೆ ಕಾಯಲಾರೆ, ದಾವಣಗೆರೆ ಬಸ್ಸಿಗೆ ಹೊರಟೆವು.

ಇದು ಮಂಗನಬಾವಲ್ಲ, ಹುಳುಕು ಹಲ್ಲಿನದು ಎಂದು ಜಗಳೂರಿನ ಡಾಕ್ಟರು ನಿನ್ನೆ ನಿಮ್ಮೆದುರೇ ಹೇಳಿದರು. ಒಳಗೆ ಕೀವು ಕಟ್ಟಿದೆಯೋ ಇಲ್ಲವೋ ಸ್ಕ್ಯಾನಿಂಗಿನಲ್ಲಿ ನೋಡಿ, ಕಟ್ಟಿದ್ದರೆ ಇವತ್ತೇ ಕೊಯ್ದು ತೆಗೆಯುತ್ತಾರಂತೆ. "ಸ್ಕ್ಯಾನಿಂಗು ಬಸುರಿ ಹೆಂಗಸ್ರಿಗೆ ಕಣೇ, ಕೆನ್ನೆಗೆ ಯಾರು ಮಾಡಿಸ್ತಾರೆ?" ಎಂದು ಮತ್ತೆ ಶುರು ಮಾಡಬೇಡಿ. ಹಲ್ಲು ಬಸುರಾಗಿದೆ ಎಂದುಕೊಳ್ಳಿ.

ಮಂಗನಬಾವಿಗೆಂದು ಅತ್ತೆಯವರು ಕೊಟ್ರಿಯ ಕೊರಳಿಗೆ ಕಟ್ಟಿದ್ದ ಬಂಗಾರದ ಸರವನ್ನು ಬಿಚ್ಚಿ ಅಕ್ಕಿ ಡಬ್ಬಿಯಲ್ಲಿಟ್ಟಿದ್ದೇನೆ. ಅವರಿಗೆ ನೀವೇ ಹೇಳಿ, ನನಗೆ ಧೈರ್ಯವಿಲ್ಲ.

ರೊಟ್ಟಿ ಮೂರೇ ಆದವು. ಎಮ್ಮೆಗೆ ನೀರಿಡಿ.

ನಿನ್ನೆಯಿಂದ ಕೊಟ್ರಿ ಏನೋ ಕೇಳಲು ಹೋಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನೋವಿಗೆ ಅಂದುಕೊಂಡಿದ್ದೆ. ಈಗ, ನಾನು ಇದನ್ನು ಬರೆಯುತ್ತಿರುವಾಗಲೇ, ಸೆರಗು ಜಗ್ಗಿ ಕೇಳಿಬಿಟ್ಟಳು:

"ಅವ್ವಾ, ಯಾರಿಗೂ ಹೇಳಬ್ಯಾಡ ಅಂತ ಅಪ್ಪ ದಿನಾ ಕೊಡೋ ಪೆಪ್ಪರಮೆಂಟು ಆ ಮಿಷನ್ನಾಗೆ ಕಾಣ್ತೈತೇನು?"