ನೀರ ಮೇಲಿನ ಎಣ್ಣೆ

೩೧ ಅಕ್ಟೋಬರ್ ೧೯೫೬, ಬುಧವಾರ. ತಿಂಥಣಿ.

ನಿದ್ದೆ ಹತ್ತುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಎಣ್ಣೆಯೇ ತೇಲುತ್ತದೆ. ನಾಳೆ ಹೊಸ ರಾಜ್ಯದ ಹಬ್ಬ. ಹೊಳೆಯ ಆಚೆ ದಡದ ಶಾಲೆಯ ಮಕ್ಕಳನ್ನು ಮೋಟಾರು ದೋಣಿಯಲ್ಲೇ ಕರೆತರುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟಿದ್ದೇನೆ.

ಬೆಳಿಗ್ಗೆ ಮೋಟಾರಿನ ಸುತ್ತ ನೀರು ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಮುಟ್ಟಿದರೆ ಬೆರಳಿಗೆ ಜಿಡ್ಡು. ಒಳಗಿನ ಎಣ್ಣೆ ಸೋರುತ್ತಿದೆ ಎಂದು ತಳದ ಗೇರ್ ಪೆಟ್ಟಿಗೆ ಬಿಚ್ಚಿಯೇ ಬಿಟ್ಟೆ. ಎಣ್ಣೆ ತುಂಬ ಇತ್ತು, ನೀರು ಸೇರಿರಲಿಲ್ಲ. ಇದು ಹೊರಗಿನ ಎಣ್ಣೆಯೆಂದು ಆಗಲೇ ಅನುಮಾನ ಬರಬೇಕಿತ್ತು! ಬಿಚ್ಚುವ ಅವಸರಕ್ಕೆ ಎಣ್ಣೆ ಸೋರದಂತೆ ಸಂದಿಗೆ ಕೂರಿಸಿದ್ದ ಕಾಗದದ ಪ್ಯಾಕಿಂಗು ಹರಿಯಿತು. ಅಂಥದು ಯಾದಗಿರಿಯಲ್ಲೂ ಸಿಗದು.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ದೇವಕ್ಕ ನನ್ನ ಅಂಗಿ ಮೂಸಿದಳು. “ಕುಸುಬಿ ಎಣ್ಣಿ ವಾಸನಿ ಬರಾಕತ್ತದಲ್ರಿ. ಭಜಿ ಎಲ್ಲಿ ತಿಂದ್ರಿ?”

ಭಜಿಯಲ್ಲ, ಅದು ಬೆಳಿಗ್ಗಿನ ಜಿಡ್ಡು. ಊಟ ಬಿಟ್ಟು ಅಂಬಿಗ ಹುಲಗಪ್ಪನ ಮನೆಗೆ ಓಡಿದೆ. ಅವನು ಹರಗೋಲಿನ ತೊಗಲಿಗೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದ.

“ಮೋಟಾರಿಗೂ ಹಚ್ಚಿದ್ಯಾ?”

“ಹೌದ್ರಿ ಮಿಸ್ತ್ರಿ, ನಿನ್ನಿ ಹಚ್ಚೀನಿ. ನೀರಿಗಿ ಇಳಿಯೋದಕ್ಕ ಎಣ್ಣಿ ಕುಡಿಸದಿದ್ರ ಹ್ಯಾಂಗ್ರಿ?”

ಅವನನ್ನೂ ಕರೆದುಕೊಂಡು ದೋಣಿಯ ಬಳಿ ಹೋದೆ. ಹರಿದ ಪ್ಯಾಕಿಂಗನ್ನೇ ಕೂರಿಸಿ, ಬಿಗಿದು, ಕಂದೀಲು ಹಿಡಿದೆ. ಹನಿ ಬೀಳುತ್ತಿದೆ. ಈಗ ನಿಜವಾಗಿ ಸೋರುತ್ತಿದೆ.

“ನಂದೇ ತಪ್ಪಾತ್ರಿ. ಕೇಳಿದವ್ರಿಗಿ ನಾನೇ ಹೇಳ್ತೀನಿ, ನೀವು ಸುಮ್ನಿರ್ರಿ,” ಎಂದ ಹುಲಗಪ್ಪ.

ನಾಳೆ ಮಕ್ಕಳು ಅವನ ಹರಗೋಲಿನಲ್ಲೇ ಬರುತ್ತಾರೆ. ಯಾರಾದರೂ ಕೇಳುತ್ತಾರೆ, ಅವನು ಹೇಳುತ್ತಾನೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಪ್ಯಾಕಿಂಗು ಹರಿದವನು ನಾನೇ ಎಂದು ಆಗ ನಾನು ಬಾಯಿ ಬಿಡುತ್ತೇನೋ ಇಲ್ಲವೋ…